ಲೈಬ್ರರಿ ಸಿಗುತ್ತಿಲ್ಲ: ಅಭಿವೃದ್ಧಿ ಆವೃತ್ತಿಗಳಲ್ಲಿ ಪ್ಯಾಕೇಜುಗಳು ಹೊಂದದಿರುವುದೇಕೆ

ಚಿತ್ರಗಳ ಪಟ್ಟಿ ಇಡಲು ನಾನು ಬಳಸುವ ಪ್ರೋಗ್ರಾಂ ಒಂದು ಬೆಳಿಗ್ಗೆ ತೆರೆಯಲೇ ಇಲ್ಲ. ಹಿಂದಿನ ರಾತ್ರಿ ಅದನ್ನು ಮುಟ್ಟಿರಲಿಲ್ಲ. ಬೇರೆ ಯಾವುದೋ ಒಂದು ಪ್ಯಾಕೇಜನ್ನಷ್ಟೇ (ಇನ್‌ಸ್ಟಾಲ್ ಮಾಡಲು ಸಿದ್ಧವಾದ ಕಂತೆ) ಹೊಸದು ಮಾಡಿ ಮಲಗಿದ್ದೆ. ಟರ್ಮಿನಲ್‌ನಿಂದ ಓಡಿಸಿ ನೋಡಿದಾಗ ಕಾಣಿಸಿದ್ದು ಒಂದೇ ಸಾಲು: ಚಿತ್ರಗಳನ್ನು ಓದುವ ಒಂದು ಲೈಬ್ರರಿಯ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕಡತದ) 15ನೇ ಆವೃತ್ತಿ ಸಿಗುತ್ತಿಲ್ಲ. ಲೈಬ್ರರಿಗಳ ಡೈರೆಕ್ಟರಿಯಲ್ಲಿ ಹುಡುಕಿದರೆ ಅದೇ ಹೆಸರಿನ ಕಡತ ಕಣ್ಣೆದುರೇ ಇತ್ತು. ಬಾಲದಲ್ಲಿದ್ದ ಸಂಖ್ಯೆ ಮಾತ್ರ 16.

ಅಭಿವೃದ್ಧಿಯ ಹಂತದಲ್ಲಿರುವ ಆಪರೇಟಿಂಗ್ ಸಿಸ್ಟಮ್ ಬಳಸುವ ಯಾರಿಗೂ ಈ ಸಾಲು ಹೊಸದಲ್ಲ. ಓಪನ್‌ಬಿಎಸ್‌ಡಿಯ ಸ್ನ್ಯಾಪ್‌ಶಾಟ್, ಫ್ರೀಬಿಎಸ್‌ಡಿಯ ಕರೆಂಟ್, ಡೆಬಿಯನ್‌ನ ಸಿಡ್, ಫೆಡೋರಾದ ರಾಹೈಡ್, ಹೀಗೆ ಬಿಡುಗಡೆಗೆ ಮುಂಚಿನ ಯಾವ ಆವೃತ್ತಿಯನ್ನೇ ತೆಗೆದುಕೊಳ್ಳಿ, ವರ್ಷಕ್ಕೆ ಒಂದೆರಡು ಬಾರಿಯಾದರೂ ಇದು ಎದುರಾಗುತ್ತದೆ. ಎದುರಾದಾಗ ಹೆಚ್ಚಿನವರು ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಸಿಸ್ಟಮ್ ಕೆಟ್ಟಿದೆ, ಇಲ್ಲವೇ ಡೆವಲಪರ್‌ಗಳು ಎಡವಿದ್ದಾರೆ. ಬಹುತೇಕ ಸಲ ಎರಡೂ ನಿಜವಲ್ಲ. ಒಂದೇ ಯಂತ್ರದೊಳಗೆ ಬೇರೆ ಬೇರೆ ದಿನಗಳಲ್ಲಿ ತಯಾರಾದ ಎರಡು ಭಾಗಗಳು ಸೇರಿಕೊಂಡಿವೆ, ಅಷ್ಟೆ. ಇದನ್ನು ಕಾಲದ ಅಂತರವೆಂದು ನೋಡಿದರೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಈ ಅಂತರ ಹುಟ್ಟುವುದು ಹೀಗೆ. ಓಪನ್‌ಬಿಎಸ್‌ಡಿಯಲ್ಲಿ ಸಿಸ್ಟಮ್‌ನ ತಿರುಳಾದ ಕರ್ನಲ್, ಬಹುತೇಕ ಎಲ್ಲ ಪ್ರೋಗ್ರಾಂಗಳೂ ಬಳಸುವ ಸಿ ಲೈಬ್ರರಿ ಮತ್ತು ಮೂಲ ಸಾಧನಗಳೆಲ್ಲ ಸೇರಿ ಒಂದು ಬುನಾದಿ. ವೇಗದ ಯಂತ್ರವೊಂದು ಅದನ್ನು ಕೆಲವೇ ಗಂಟೆಗಳಲ್ಲಿ ಕಟ್ಟಿಬಿಡುತ್ತದೆ. ಹಾಗಾಗಿ ಹೊಸ ಸ್ನ್ಯಾಪ್‌ಶಾಟ್ ಹೆಚ್ಚುಕಡಿಮೆ ದಿನವೂ ಬರಬಹುದು. ಬ್ರೌಸರ್, ಆಫೀಸ್ ಸಾಧನ, ಡೆಸ್ಕ್‌ಟಾಪ್ ಮುಂತಾದವು ಇರುವುದು ಪ್ಯಾಕೇಜುಗಳ ರೂಪದಲ್ಲಿ, ಅವುಗಳ ಸಂಖ್ಯೆ ಹತ್ತು ಸಾವಿರವನ್ನು ಮೀರುತ್ತದೆ. ಅಷ್ಟನ್ನೂ ಕಂಪೈಲ್ ಮಾಡಿ (ಬರೆದ ಕೋಡ್‌ನಿಂದ ಓಡಬಲ್ಲ ಪ್ರೋಗ್ರಾಂ ಕಟ್ಟಿ), ಸಹಿ ಹಾಕಿ, ನಕಲು ಹಂಚುವ ಮಿರರ್ ಸರ್ವರ್‌ಗಳಿಗೆ ತಲುಪಿಸಲು ವೇಗದ ಯಂತ್ರಗಳಿಗೂ ದಿನಗಳು ಬೇಕು. ನಿಧಾನದ ಪ್ರೊಸೆಸರ್‌ಗಳಿಗೆ ವಾರಗಳೇ ಬೇಕು. ಈ ನಡುವೆ ಬುನಾದಿಯ ಸಿ ಲೈಬ್ರರಿಯ ಸಂಖ್ಯೆ ಏರಿದರೆ ಎರಡು ರೀತಿಯ ತೊಡಕು ಹುಟ್ಟುತ್ತದೆ. ಬುನಾದಿಯನ್ನು ಇಂದು ಹೊಸದು ಮಾಡಿದವರಿಗೆ ಪ್ಯಾಕೇಜುಗಳು ಹಳೆಯವು. ಬುನಾದಿಯನ್ನು ಮುಟ್ಟದೆ ಪ್ಯಾಕೇಜನ್ನಷ್ಟೇ ತರಿಸಿಕೊಂಡವರಿಗೆ ಪ್ಯಾಕೇಜು ಹೊಸದು, ಬುನಾದಿ ಹಳೆಯದು.

ಇವೆರಡರ ಪರಿಣಾಮ ಒಂದೇ ಅಲ್ಲ. ಓಪನ್‌ಬಿಎಸ್‌ಡಿಯನ್ನು ಅಪ್‌ಗ್ರೇಡ್ ಮಾಡಿದಾಗ ಹಳೆಯ ಲೈಬ್ರರಿ ಕಡತಗಳು ಡಿಸ್ಕಿನಲ್ಲಿ ಹಾಗೇ ಉಳಿಯುತ್ತವೆ, ಹೊಸವು ಪಕ್ಕದಲ್ಲಿ ಬಂದು ಕೂರುತ್ತವೆ. ಆದ್ದರಿಂದ ಹಳೆಯ ಪ್ರೋಗ್ರಾಂ ತನ್ನ ಹಳೆಯ ಲೈಬ್ರರಿಯನ್ನು ಹಿಡಿದುಕೊಂಡು ಇನ್ನೂ ಕೆಲವು ದಿನ ಓಡೀತು. ಹೊಸದಾಗಿ ಇನ್‌ಸ್ಟಾಲ್ ಮಾಡಿದ ಯಂತ್ರದಲ್ಲಿ ಆ ಹಳೆಯ ಕಡತವೇ ಇರುವುದಿಲ್ಲ. ಒಬ್ಬರು ನನ್ನಲ್ಲಿ ಎಲ್ಲವೂ ಸರಿಯಿದೆ ಎನ್ನುತ್ತಾರೆ, ಇನ್ನೊಬ್ಬರು ಏನೂ ಓಡುತ್ತಿಲ್ಲ ಎನ್ನುತ್ತಾರೆ, ಇಬ್ಬರ ಕೈಯಲ್ಲಿರುವುದೂ ಒಂದೇ ದಿನದ ಸ್ನ್ಯಾಪ್‌ಶಾಟ್. ಇಂಥ ವಾದಗಳಲ್ಲಿ ಬಹಳಷ್ಟು ಸಮಯ ವ್ಯರ್ಥವಾಗುವುದನ್ನು ಕಂಡಿದ್ದೇನೆ. ಹೊಸ ಇನ್‌ಸ್ಟಾಲೋ ಅಪ್‌ಗ್ರೇಡೋ ಎಂದು ಮೊದಲೇ ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಇನ್ನು ಸಂಖ್ಯೆಯ ವಿಷಯ. ಹಂಚಿಕೆಯ ಲೈಬ್ರರಿ ಎಂದರೆ ಹಲವು ಪ್ರೋಗ್ರಾಂಗಳು ಒಟ್ಟಾಗಿ ಬಳಸುವ ಸಂಕೇತಗಳ (ಕೋಡ್‌ನ) ಕಡತ. ಪ್ರತಿ ಲೈಬ್ರರಿಯೂ ತನ್ನೊಳಗೆ ಒಂದು ಹೆಸರನ್ನು ಬರೆದಿಟ್ಟುಕೊಂಡಿರುತ್ತದೆ. ಡೆವಲಪರ್‌ಗಳು ಅದನ್ನು ಸೋ-ನೇಮ್ ಎನ್ನುತ್ತಾರೆ. ಪ್ರೋಗ್ರಾಂ ಕಂಪೈಲ್ ಆಗುವ ಹೊತ್ತಿಗೆ ಆ ಹೆಸರು, ಸಂಖ್ಯೆಯ ಸಮೇತ, ಪ್ರೋಗ್ರಾಮಿನ ಕಡತದೊಳಗೂ ದಾಖಲಾಗುತ್ತದೆ. ಮುಂದೆ ಆ ಪ್ರೋಗ್ರಾಂ ಶುರುವಾದಾಗಲೆಲ್ಲ ಲೈಬ್ರರಿಗಳನ್ನು ಹುಡುಕಿ ಜೋಡಿಸುವ ಲೋಡರ್ ಇಂಥ ಹೆಸರುಗಳ ಪಟ್ಟಿಯನ್ನು ಓದಿ ಹೆಸರಿಗೆ ಹೆಸರು ತಾಳೆ ಹಾಕುತ್ತದೆ. ಓಪನ್‌ಬಿಎಸ್‌ಡಿಯ ಲೈಬ್ರರಿಗೆ ಎರಡು ಸಂಖ್ಯೆಗಳಿರುತ್ತವೆ. ಹೊಸ ಫಂಕ್ಷನ್ ಸೇರಿದರೆ ಎರಡನೆಯದು ಏರುತ್ತದೆ. ಇದ್ದದ್ದನ್ನು ತೆಗೆದರೆ ಅಥವಾ ಅದರ ಆಕಾರ ಬದಲಿಸಿದರೆ ಮೊದಲನೆಯದು ಏರುತ್ತದೆ. ಮೊದಲ ಸಂಖ್ಯೆ ಏರಿತೆಂದರೆ ಲೈಬ್ರರಿ ಬರೆದವರು ಹೇಳುತ್ತಿರುವುದು ಇಷ್ಟು: ನಿನ್ನೆಯ ಒಪ್ಪಂದ ಇಂದಿಗೆ ನಡೆಯದು, ನಿಮ್ಮ ಪ್ರೋಗ್ರಾಮನ್ನು ಮತ್ತೊಮ್ಮೆ ಕಂಪೈಲ್ ಮಾಡಿಕೊಳ್ಳಿ.

ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸಿ ಲೈಬ್ರರಿ ಜಿ-ಲಿಬ್‌ಸಿ ಬೇರೆ ದಾರಿ ಹಿಡಿದಿದೆ. ಅದರ ಮುಖ್ಯ ಸಂಖ್ಯೆ 1990ರ ದಶಕದಿಂದ 6ರಲ್ಲೇ ನಿಂತಿದೆ. ಬದಲಿಗೆ ಒಳಗಿನ ಒಂದೊಂದು ಫಂಕ್ಷನ್‌ಗೂ ಆವೃತ್ತಿಯ ಚೀಟಿ ಅಂಟಿಸಲಾಗಿದೆ. ಹಳೆಯ ಜಿ-ಲಿಬ್‌ಸಿಯ ಮೇಲೆ ಕಟ್ಟಿದ ಪ್ರೋಗ್ರಾಂ ಹೊಸದರ ಮೇಲೆ ಓಡುತ್ತದೆ, ತಿರುಗುಮುರುಗು ಮಾತ್ರ ನಡೆಯುವುದಿಲ್ಲ. 2021ರ ಆಗಸ್ಟ್‌ನಲ್ಲಿ ಬಂದ 2.34ನೇ ಆವೃತ್ತಿ ಇದನ್ನು ಬಹಳ ಜನರಿಗೆ ಪರಿಚಯಿಸಿತು. ಥ್ರೆಡ್‌ಗಳ (ಒಂದೇ ಪ್ರೋಗ್ರಾಮಿನೊಳಗೆ ಒಟ್ಟೊಟ್ಟಿಗೆ ನಡೆಯುವ ಕೆಲಸಗಳ) ಪ್ರತ್ಯೇಕ ಲೈಬ್ರರಿಯನ್ನು ಆಗ ಮುಖ್ಯ ಸಿ ಲೈಬ್ರರಿಯೊಳಗೆ ಸೇರಿಸಲಾಯಿತು. ಜೊತೆಗೆ ಪ್ರೋಗ್ರಾಮನ್ನು ಆರಂಭಿಸುವ ಫಂಕ್ಷನ್‌ಗೇ ಹೊಸ ಚೀಟಿ ಬಂದದ್ದರಿಂದ, ಹೊಸ ಸಿಸ್ಟಮ್‌ನಲ್ಲಿ ಕಂಪೈಲಾದ ತೀರಾ ಸಣ್ಣ ಪ್ರೋಗ್ರಾಂ ಕೂಡ ಹಳೆಯ ಸಿಸ್ಟಮ್‌ನಲ್ಲಿ 2.34 ಸಿಗುತ್ತಿಲ್ಲ ಎಂದು ಹೇಳಿ ನಿಂತುಬಿಡುತ್ತಿತ್ತು. ಅಭಿವೃದ್ಧಿ ಆವೃತ್ತಿಯಲ್ಲಿ ಕಟ್ಟಿ ಸ್ಥಿರ ಆವೃತ್ತಿಯ ಸರ್ವರ್‌ಗೆ ಒಯ್ಯುವವರು ಇಂದಿಗೂ ಇದೇ ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ.

ಈಗ ನನ್ನ ಬೆಳಗಿನ ಕಥೆಗೆ ಬರುತ್ತೇನೆ. 15 ಬೇಕೆನ್ನುತ್ತಿದೆ, 16 ಇದೆ. ಹಳೆಯ ಹೆಸರಿನಲ್ಲಿ ಹೊಸ ಕಡತಕ್ಕೆ ಒಂದು ಸಿಮ್‌ಲಿಂಕ್ (ಬೇರೆ ಕಡತದತ್ತ ಕೈತೋರುವ ಹೆಸರು) ಹಾಕಿ ಎಂಬ ಸಲಹೆ ಹುಡುಕಿದ ಕಡೆಯಲ್ಲೆಲ್ಲ ಸಿಗುತ್ತದೆ. ಕೆಲಸದ ಅವಸರವಿತ್ತು, ಹಾಕಿದೆ. ಪ್ರೋಗ್ರಾಂ ತೆರೆಯಿತು. ಚಿತ್ರಗಳೂ ಕಂಡವು. ಮೂರು ವಾರಗಳ ನಂತರ ಪಟ್ಟಿಯಲ್ಲಿ ಏನನ್ನೋ ಹುಡುಕುತ್ತಿದ್ದಾಗ ಗೊತ್ತಾಯಿತು: ಆ ದಿನದಿಂದ ಸೇರಿಸಿದ ಪ್ರತಿಯೊಂದು ಚಿತ್ರದ ಅಗಲ ಮತ್ತು ಎತ್ತರ ತಪ್ಪಾಗಿ ದಾಖಲಾಗಿತ್ತು. ಪ್ರೋಗ್ರಾಂ ಒಮ್ಮೆಯೂ ಕುಸಿದು ಬೀಳಲಿಲ್ಲ, ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ.

ಹೀಗೇಕಾಗುತ್ತದೆ ಎಂಬುದನ್ನು ಒಂದು ಪುಟ್ಟ ದಾಖಲೆಯನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ. ಲೈಬ್ರರಿಯೊಂದು ಕಡತದ ವಿವರವನ್ನು ಎರಡು ಮನೆಗಳಲ್ಲಿ ಇಡುತ್ತದೆ ಎಂದುಕೊಳ್ಳಿ: ಮೊದಲ 4 ಬೈಟ್‌ಗಳಲ್ಲಿ ಸಮಯ, ಮುಂದಿನ 4 ಬೈಟ್‌ಗಳಲ್ಲಿ ಕಡತದ ಗಾತ್ರ. ಪ್ರೋಗ್ರಾಂ ಕಂಪೈಲ್ ಆಗುವಾಗ ‘ಗಾತ್ರ’ ಎಂಬ ಹೆಸರು ಉಳಿಯುವುದಿಲ್ಲ. ಆರಂಭದಿಂದ 4 ಬೈಟ್ ಬಿಟ್ಟು ಓದು ಎಂಬ ಸೂಚನೆಯಷ್ಟೇ ಉಳಿಯುತ್ತದೆ. ಲೈಬ್ರರಿಯ ಹೊಸ ಆವೃತ್ತಿಯಲ್ಲಿ ಸಮಯಕ್ಕೆ 8 ಬೈಟ್ ಕೊಟ್ಟರು, ಗಾತ್ರ 8 ಬೈಟ್ ಆಚೆಗೆ ಸರಿಯಿತು. ಹಳೆಯ ಪ್ರೋಗ್ರಾಮಿಗೆ ಇದು ತಿಳಿಯದು. ಅದು ಎಂದಿನಂತೆ 4 ಬೈಟ್ ಬಿಟ್ಟು ಓದುತ್ತದೆ. ಅಲ್ಲಿ ಈಗ ಇರುವುದು ಸಮಯದ ಮೇಲಿನ ಅರ್ಧಭಾಗ. ನಾವು ಸಾಮಾನ್ಯವಾಗಿ ಬಳಸುವ ಪ್ರೊಸೆಸರ್‌ಗಳು ಸಂಖ್ಯೆಯ ಕೆಳಗಿನ ಭಾಗವನ್ನು ಮೊದಲು ಇಡುವುದರಿಂದ, 2106ನೇ ಇಸವಿಯವರೆಗೂ ಆ ಮೇಲಿನ ಅರ್ಧದಲ್ಲಿ ಸೊನ್ನೆಯೇ ಇರುತ್ತದೆ. ಹೀಗೆ ಪ್ರೋಗ್ರಾಮಿನ ಕಣ್ಣಿಗೆ ಪ್ರತಿಯೊಂದು ಕಡತದ ಗಾತ್ರವೂ ಸೊನ್ನೆ. ಆ ಸೊನ್ನೆಯನ್ನು ನಂಬಿ ಬ್ಯಾಕಪ್ ಪ್ರೋಗ್ರಾಮೊಂದು ಕಡತ ಖಾಲಿಯಿದೆ, ನಕಲು ಬೇಡ ಎಂದು ತೀರ್ಮಾನಿಸಿದರೆ ಏನಾಗುತ್ತದೆ ಎಂದು ಯೋಚಿಸಿ.

ಲೋಡರ್ ಪ್ರೋಗ್ರಾಮನ್ನು ತಡೆದು ನಿಲ್ಲಿಸುವುದು ಇಂಥ ಅನಾಹುತ ಆಗಬಾರದೆಂದೇ. ಸಿಮ್‌ಲಿಂಕ್ ಹಾಕಿದವರು ಕಾವಲುಗಾರನ ಕಣ್ಣು ಕಟ್ಟುತ್ತಾರೆ. ಈ ಸಲಹೆಯನ್ನು ಪರಿಹಾರವೆಂದು ಹಂಚುವುದು ನಿಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲವೊಮ್ಮೆ ಅದು ಕೆಲಸ ಮಾಡುತ್ತದೆ ಎನ್ನುವುದು ನಿಜ, ಏಕೆಂದರೆ ಪ್ರೋಗ್ರಾಂ ಬಳಸುವ ಭಾಗ ಬದಲಾಗದೆ ಉಳಿದಿರಬಹುದು. ಆದರೆ ಅದು ಬದಲಾಗಿಲ್ಲವೆಂದು ತಿಳಿಯಲು ಲೈಬ್ರರಿಯ ಮೂಲ ಸಂಕೇತವನ್ನು ಓದಲೇಬೇಕು. ಅದನ್ನು ಓದಿ ಅರಿಯಬಲ್ಲವರಿಗೆ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡುವುದು ಅದಕ್ಕಿಂತ ಸುಲಭದ ಕೆಲಸ. ಐಸಿಯು ಎಂಬ ಯೂನಿಕೋಡ್ ಲೈಬ್ರರಿಯವರು ಈ ಕಳ್ಳದಾರಿಯನ್ನೇ ಮುಚ್ಚಿದ್ದಾರೆ. ಅವರಲ್ಲಿ ವರ್ಷಕ್ಕೆ ಸುಮಾರು ಎರಡು ಬಾರಿ ಮುಖ್ಯ ಸಂಖ್ಯೆ ಬದಲಾಗುತ್ತದೆ, ಮತ್ತು ಸಾಮಾನ್ಯವಾಗಿ ಒಳಗಿನ ಫಂಕ್ಷನ್‌ಗಳ ಹೆಸರಿನ ಕೊನೆಯಲ್ಲೂ ಅದೇ ಸಂಖ್ಯೆ ಅಂಟಿಕೊಂಡಿರುತ್ತದೆ. ಕಡತಕ್ಕೆ ಸುಳ್ಳು ಹೆಸರಿಟ್ಟರೂ ಒಳಗೆ ಬೇಕಾದ ಫಂಕ್ಷನ್ ಸಿಗುವುದಿಲ್ಲ.

ಸಂಖ್ಯೆ ಬದಲಾಗದೆಯೂ ಒಪ್ಪಂದ ಮುರಿಯಬಹುದು, ಇದು ಇನ್ನೂ ಸೂಕ್ಷ್ಮವಾದ ಸಂಗತಿ. 2010ರಲ್ಲಿ ಫೆಡೋರಾ 14 ಬಳಸಿದವರಿಗೆ ಬ್ರೌಸರ್‌ನಲ್ಲಿ ವಿಡಿಯೊ ಆಡಿಸುವ ಫ್ಲ್ಯಾಶ್ ಪ್ಲೇಯರ್‌ನ ಧ್ವನಿ ಒಡೆದು ಕೇಳಿಸತೊಡಗಿತು. ಜಿ-ಲಿಬ್‌ಸಿಯಲ್ಲಿ ಕಂಪ್ಯೂಟರಿನ ನೆನಪಿನ (ಮೆಮೊರಿಯ) ಒಂದು ಭಾಗವನ್ನು ಇನ್ನೊಂದಕ್ಕೆ ನಕಲು ಮಾಡುವ ಫಂಕ್ಷನ್, ಕೆಲವು ಪ್ರೊಸೆಸರ್‌ಗಳಲ್ಲಿ ವೇಗಕ್ಕಾಗಿ ಹಿಂದಿನಿಂದ ಮುಂದಕ್ಕೆ ನಕಲು ಮಾಡಲು ಶುರುಮಾಡಿತ್ತು. ಒಂದರ ಮೇಲೊಂದು ಚಾಚಿರುವ ಭಾಗಗಳಿಗೆ ಆ ಫಂಕ್ಷನ್ ಬಳಸಕೂಡದು ಎಂದು ಸಿ ಭಾಷೆಯ ಮಾನದಂಡವೇ ಹೇಳುತ್ತದೆ, ಫ್ಲ್ಯಾಶ್ ಬಳಸುತ್ತಿತ್ತು. ನಿಯಮದ ಪ್ರಕಾರ ತಪ್ಪು ಫ್ಲ್ಯಾಶ್‌ನದೇ. ಆದರೂ ಬಳಕೆದಾರರ ಪಾಲಿಗೆ ಕೆಟ್ಟದ್ದು ಸಿಸ್ಟಮ್ ಎಂದು ಲಿನಕ್ಸ್ ಕರ್ನಲ್‌ನ ಸೃಷ್ಟಿಕರ್ತ ಲಿನಸ್ ಟೊರ್ವಾಲ್ಡ್ಸ್ ಬಲವಾಗಿ ವಾದಿಸಿದರು. ಕೊನೆಗೆ ಜಿ-ಲಿಬ್‌ಸಿ 2.14ರಲ್ಲಿ ಆ ಫಂಕ್ಷನ್‌ಗೆ ಹೊಸ ಚೀಟಿ ಅಂಟಿಸಿ, ಹಳೆಯ ಚೀಟಿ ಕೇಳುವ ಪ್ರೋಗ್ರಾಂಗಳಿಗೆ ಹಿಂದಿನ ನಡವಳಿಕೆಯನ್ನೇ ಉಳಿಸಲಾಯಿತು. ಅವರ ವಾದ ನನಗೆ ಸರಿಯೆನಿಸುತ್ತದೆ. ಮಾನದಂಡದಲ್ಲಿ ಬರೆದದ್ದರ ಜೊತೆಗೆ ವರ್ಷಗಟ್ಟಲೆ ರೂಢಿಯಾದ ನಡವಳಿಕೆಯೂ ಒಪ್ಪಂದದ ಭಾಗವಾಗಿಬಿಡುತ್ತದೆ.

ಸಮಯದ 4 ಬೈಟ್‌ಗಳ ಉದಾಹರಣೆಯನ್ನು ಸುಮ್ಮನೆ ಆರಿಸಿಕೊಳ್ಳಲಿಲ್ಲ. 32 ಬಿಟ್‌ನ ಸಮಯ 2038ರ ಜನವರಿ 19ರಂದು ತುಂಬಿ ಹರಿಯುತ್ತದೆ. ಅದನ್ನು 64 ಬಿಟ್‌ಗೆ ಹಿಗ್ಗಿಸುವ ಕೆಲಸವನ್ನು ಓಪನ್‌ಬಿಎಸ್‌ಡಿ 2014ರ ಮೇ ತಿಂಗಳ 5.5ನೇ ಆವೃತ್ತಿಯಲ್ಲಿ ಎಲ್ಲ ಪ್ರೊಸೆಸರ್‌ಗಳಿಗೂ ಒಂದೇ ಏಟಿಗೆ ಮುಗಿಸಿತು. ಹಳೆಯ ಬೈನರಿಗಳನ್ನು (ಕಂಪೈಲಾದ ಕಡತಗಳನ್ನು) ಉಳಿಸಿಕೊಳ್ಳುವ ಹಂಗು ಅದಕ್ಕಿಲ್ಲ, ಎಲ್ಲವನ್ನೂ ಹೊಸದಾಗಿ ಕಟ್ಟುವುದೇ ಅಲ್ಲಿನ ರೂಢಿ. ಡೆಬಿಯನ್‌ಗೆ ಆ ಸ್ವಾತಂತ್ರ್ಯವಿರಲಿಲ್ಲ. 2024ರ ಫೆಬ್ರುವರಿಯ ಕೊನೆಯಲ್ಲಿ ಅದು ಸಿಡ್‌ನಲ್ಲಿ ಈ ಬದಲಾವಣೆಗೆ ಕೈಹಾಕಿತು. ಬದಲಾವಣೆಯ ಹೊಡೆತಕ್ಕೆ ಸಿಗಬಹುದಾದ ಲೈಬ್ರರಿಗಳ ಪ್ಯಾಕೇಜು ಹೆಸರಿಗೆ ‘ಟಿ64’ ಎಂಬ ಬಾಲ ಸೇರಿತು. ನೂರಾರು ಲೈಬ್ರರಿಗಳು, ಅವುಗಳನ್ನು ಅವಲಂಬಿಸಿದ ಸಾವಿರಾರು ಪ್ಯಾಕೇಜುಗಳು, ಎಲ್ಲವನ್ನೂ ಸರಿಯಾದ ಕ್ರಮದಲ್ಲಿ ಮತ್ತೆ ಕಟ್ಟಬೇಕಾಯಿತು. 64 ಬಿಟ್ ಯಂತ್ರಗಳಲ್ಲಿ ಸಮಯದ ಗಾತ್ರ ಮೊದಲಿನಿಂದಲೂ 8 ಬೈಟ್‌ಗಳೇ. ಅಲ್ಲಿ ಬದಲಾದದ್ದು ಹೆಸರು ಮಾತ್ರ. ಆದರೂ ಹೆಸರುಗಳ ಕೊಂಡಿ ಅರೆಬರೆಯಾಗಿದ್ದ ಆ ವಾರಗಳಲ್ಲಿ ಒಂದು ಪ್ಯಾಕೇಜು ತರಿಸಲು ಹೋದರೆ ಪ್ಯಾಕೇಜುಗಳ ಉದ್ದನೆಯ ಪಟ್ಟಿಯೊಂದನ್ನು ತೆಗೆದುಹಾಕುತ್ತೇನೆ ಎಂದು ಡೆಬಿಯನ್‌ನ ಪ್ಯಾಕೇಜ್ ಸಾಧನ ಏಪಿಟಿ ಹೇಳುತ್ತಿತ್ತು. ಆ ಪಟ್ಟಿಯನ್ನು ಓದದೆ ಒಪ್ಪಿಗೆ ಕೊಟ್ಟು ಡೆಸ್ಕ್‌ಟಾಪನ್ನೇ ಕಳೆದುಕೊಳ್ಳುವ ಅಪಾಯ ನಿಜವಾಗಿಯೂ ಇತ್ತು.

ಆ ಗೊಂದಲದ ನಡುವೆಯೇ, ಮಾರ್ಚ್ 29ರಂದು, ಎಕ್ಸ್‌ಝಡ್ ಸಂಕೋಚನ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಉದ್ದೇಶಪೂರ್ವಕವಾಗಿ ಹಿಂಬಾಗಿಲು (ಕದ್ದು ಒಳನುಗ್ಗುವ ದಾರಿ) ಸೇರಿಸಿದ್ದಾರೆ ಎಂಬುದು ಬಯಲಾಯಿತು. ಕಂಡುಹಿಡಿದವರು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್. ಡೆಬಿಯನ್ ಸಿಡ್‌ನಲ್ಲಿ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಪ್ರವೇಶ) ಲಾಗಿನ್ ಸುಮಾರು ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತಿರುವುದನ್ನು ಅವರು ಕಡೆಗಣಿಸಲಿಲ್ಲ. ಎಸ್‌ಎಸ್‌ಎಚ್ ಸರ್ವರ್‌ಗೂ ಎಕ್ಸ್‌ಝಡ್‌ಗೂ ನೇರ ಸಂಬಂಧವಿಲ್ಲ. ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳು ಸರ್ವರ್‌ಗೆ ಸಿಸ್ಟಮ್‌ಡಿಯ (ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ವ್ಯವಸ್ಥೆಯ) ಲೈಬ್ರರಿಯನ್ನು ಜೋಡಿಸಿದ್ದವು, ಆ ಲೈಬ್ರರಿ ಎಕ್ಸ್‌ಝಡ್‌ನ ಲೈಬ್ರರಿಯನ್ನು ಎಳೆದು ತರುತ್ತಿತ್ತು. ಯಾವ ಪ್ರೋಗ್ರಾಮಿನೊಳಗೆ ಯಾವ ಲೈಬ್ರರಿ ಬಂದು ಕೂರುತ್ತಿದೆ ಎಂದು ನೋಡುವ ಅಭ್ಯಾಸ ಭದ್ರತೆಯ ಪ್ರಶ್ನೆಯೂ ಹೌದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಉಬುಂಟು ತನ್ನ 24.04 ಆವೃತ್ತಿಯ ಬೀಟಾವನ್ನು ಒಂದು ವಾರ ಮುಂದೂಡಿ ಬೈನರಿಗಳನ್ನು ಮತ್ತೆ ಕಟ್ಟಿತು. ಆ ಹಿಂಬಾಗಿಲು ಸ್ಥಿರ ಆವೃತ್ತಿಗಳನ್ನು ತಲುಪುವ ಮುನ್ನವೇ ಸಿಕ್ಕಿಬಿದ್ದದ್ದು ಅಭಿವೃದ್ಧಿ ಆವೃತ್ತಿಯನ್ನು ಗಮನವಿಟ್ಟು ಬಳಸುವವರು ಇದ್ದುದರಿಂದ. ಇಷ್ಟೆಲ್ಲ ತೊಂದರೆಪಟ್ಟು ಅದನ್ನೇಕೆ ಬಳಸಬೇಕು ಎಂದು ಯಾರಾದರೂ ಕೇಳಿದಾಗ ನಾನು ಈ ಪ್ರಸಂಗವನ್ನು ಹೇಳುತ್ತೇನೆ.

ಹೊಂದಾಣಿಕೆಯ ಹೊರೆಯನ್ನು ಯಾರು ಹೊರಬೇಕು ಎಂಬುದರಲ್ಲಿ ಒಂದೊಂದು ಸಿಸ್ಟಮ್‌ನದು ಒಂದೊಂದು ನಿಲುವು. ಫೆಡೋರಾದಲ್ಲಿ ಸೋ-ನೇಮ್ ಬದಲಿಸುವವರು ಕನಿಷ್ಠ ಒಂದು ವಾರ ಮೊದಲೇ ತಿಳಿಸಬೇಕೆಂಬ ನಿಯಮವಿದೆ. ಅವಲಂಬಿತ ಪ್ಯಾಕೇಜುಗಳನ್ನು ಪಕ್ಕದ ಅಂಗಳದಲ್ಲಿ ಕಟ್ಟಿ, ಎಲ್ಲವನ್ನೂ ಒಟ್ಟಿಗೆ ರಾಹೈಡ್‌ಗೆ ಸೇರಿಸುವ ವ್ಯವಸ್ಥೆಯೂ ಇದೆ. ಓಪನ್‌ಸೂಸೆಯ ಟಂಬಲ್‌ವೀಡ್ ಇನ್ನೂ ಮುಂದೆ ಹೋಗಿ, ಇಡೀ ಸ್ನ್ಯಾಪ್‌ಶಾಟನ್ನು ಸ್ವಯಂಚಾಲಿತ ಪರೀಕ್ಷೆಗೆ ಒಡ್ಡಿದ ನಂತರವೇ ಹೊರಬಿಡುತ್ತದೆ. ಆರ್ಚ್ ಲಿನಕ್ಸ್ ಹೊರೆಯನ್ನು ಬಳಕೆದಾರರ ಹೆಗಲಿಗೇ ಹಾಕಿದೆ: ಮಾಡಿದರೆ ಪೂರ್ತಿ ಅಪ್‌ಗ್ರೇಡ್ ಮಾಡಿ, ಅರ್ಧಂಬರ್ಧ ಮಾಡಿದರೆ ಬೆಂಬಲವಿಲ್ಲ. ನಾನು ಮುರಿದದ್ದು ಇದೇ ನಿಯಮವನ್ನು.

ಫ್ರೀಬಿಎಸ್‌ಡಿಯಲ್ಲಿ ಇನ್ನೊಂದು ಪದರವೂ ಸೇರಿಕೊಳ್ಳುತ್ತದೆ. ಪ್ಯಾಕೇಜು ಯಾವ ಸಿಸ್ಟಮ್ ಸಂಖ್ಯೆಯ ಮೇಲೆ ಕಟ್ಟಲ್ಪಟ್ಟಿತೆಂಬುದು ಅದರೊಳಗೇ ದಾಖಲಾಗಿರುತ್ತದೆ. ನಿಮ್ಮ ಸಿಸ್ಟಮ್ ಅದಕ್ಕಿಂತ ಹಳೆಯದಾಗಿದ್ದರೆ ಅಲ್ಲಿನ ಪ್ಯಾಕೇಜ್ ಸಾಧನ ಪಿಕೆಜಿ ತಡೆದು ಕೇಳುತ್ತದೆ. ಆ ತಡೆಯನ್ನು ದಾಟುವ ವೇರಿಯಬಲ್‌ನ ಹೆಸರನ್ನೂ ಅಲ್ಲೇ ತಿಳಿಸುತ್ತದೆ, ಜನ ಅದನ್ನು ನಕಲು ಮಾಡಿ ಅಂಟಿಸುತ್ತಾರೆ. ಸಾಮಾನ್ಯ ಪ್ರೋಗ್ರಾಮಾದರೆ ಹೇಗೋ ನಡೆದೀತು. ಗ್ರಾಫಿಕ್ಸ್ ಡ್ರೈವರ್‌ನಂಥ ಕರ್ನಲ್ ಮಾಡ್ಯೂಲ್ (ಕರ್ನಲ್‌ಗೆ ಸೇರಿಕೊಳ್ಳುವ ತುಣುಕು) ಪ್ಯಾಕೇಜಿನಿಂದ ಬಂದಿದ್ದರೆ ಕಥೆ ಬೇರೆ. ಅದು ಕರ್ನಲ್‌ನ ಒಳಗೇ ಓಡುತ್ತದೆ, ದಾಖಲೆಯ ಮನೆಗಳು ಸರಿದಿದ್ದರೆ ಇಡೀ ಯಂತ್ರವೇ ನಿಲ್ಲುತ್ತದೆ. ಕರೆಂಟ್ ಆವೃತ್ತಿ ಬಳಸುವವರು ಕರ್ನಲ್ ಕಟ್ಟಿದಾಗಲೆಲ್ಲ ಮಾಡ್ಯೂಲನ್ನೂ ಅದರ ಜೊತೆಗೇ ಕಟ್ಟಿಕೊಳ್ಳುವುದು ಇದಕ್ಕಾಗಿಯೇ. ಕ್ರಮವೂ ಮುಖ್ಯ. 2017ರ ಮೇ ತಿಂಗಳಲ್ಲಿ ಕಡತಗಳ ಐನೋಡ್ ಸಂಖ್ಯೆಯನ್ನು (ಪ್ರತಿ ಕಡತಕ್ಕೆ ಸಿಸ್ಟಮ್ ಕೊಡುವ ಗುರುತಿನ ಸಂಖ್ಯೆಯನ್ನು) 64 ಬಿಟ್‌ಗೆ ಏರಿಸಿದಾಗ, ಮೊದಲು ಹೊಸ ಕರ್ನಲ್‌ನಿಂದ ಬೂಟ್ ಮಾಡಿ, ಆಮೇಲೆ ಉಳಿದದ್ದನ್ನು ಇನ್‌ಸ್ಟಾಲ್ ಮಾಡಬೇಕಿತ್ತು. ಹೊಸ ಕರ್ನಲ್‌ಗೆ ಹಳೆಯ ಪ್ರೋಗ್ರಾಂಗಳ ಕರೆ ಅರ್ಥವಾಗುತ್ತದೆ, ಹೊಸ ಪ್ರೋಗ್ರಾಂಗಳ ಕರೆ ಹಳೆಯ ಕರ್ನಲ್‌ಗೆ ಅರ್ಥವಾಗುವುದಿಲ್ಲ. ತಿರುಗುಮುರುಗು ಮಾಡಿದರೆ ಕಡತಗಳ ಪಟ್ಟಿ ತೋರಿಸುವ ಆದೇಶವೂ ಕೈಕೊಡುತ್ತದೆ.

ಹಾಗಾದರೆ ದೋಷ ಕಂಡಾಗ ಏನು ಮಾಡಬೇಕು? ಮೊದಲು ದಿನಾಂಕ ನೋಡಿ. ಕರ್ನಲ್ ಯಾವ ದಿನದ್ದು, ಪ್ಯಾಕೇಜುಗಳ ಸಂಗ್ರಹ ಯಾವ ದಿನದ್ದು? ಓಪನ್‌ಬಿಎಸ್‌ಡಿಯ ಪ್ಯಾಕೇಜ್ ಸಾಧನ ಪ್ರತಿ ಸಲವೂ ಆರಂಭದಲ್ಲೇ ‘ಕ್ವರ್ಕ್ಸ್’ ಎಂಬ ಪ್ಯಾಕೇಜಿಗೆ ಇಂಥ ದಿನ ಸಹಿ ಹಾಕಲಾಗಿದೆ ಎಂದು ಒಂದು ಸಾಲು ತೋರಿಸುತ್ತದೆ. ಹೆಚ್ಚಿನವರು ಅದನ್ನು ಓದದೆ ಮುಂದೆ ಹೋಗುತ್ತಾರೆ, ನೀವು ಹುಡುಕುತ್ತಿರುವ ಉತ್ತರ ಬಹುಪಾಲು ಅಲ್ಲೇ ಇರುತ್ತದೆ. ಸಹಿ ಬುನಾದಿಗಿಂತ ಹಿಂದಿನದಾಗಿದ್ದರೆ ಎರಡು ಮೂರು ದಿನ ಕಾಯಿರಿ. ಮುಂದಿನದಾಗಿದ್ದರೆ ಬುನಾದಿಯನ್ನು ಹೊಸದು ಮಾಡಿ, ನಂತರ ಎಲ್ಲ ಪ್ಯಾಕೇಜುಗಳನ್ನೂ ಒಟ್ಟಿಗೆ ಮಾಡಿ. ಬಿಡುಗಡೆಯ ಸಮಯ ಹತ್ತಿರವಾದಾಗ ಅಲ್ಲಿ ಇನ್ನೊಂದು ತೊಡಕಿದೆ: ಸ್ನ್ಯಾಪ್‌ಶಾಟಿನ ಹೆಸರಿನಿಂದ ‘ಬೀಟಾ’ ಎಂಬ ಬಾಲ ಬಿದ್ದುಹೋಗುತ್ತದೆ, ಪ್ಯಾಕೇಜ್ ಸಾಧನ ಇನ್ನೂ ತುಂಬದ ಬಿಡುಗಡೆಯ ಡೈರೆಕ್ಟರಿಯಲ್ಲಿ ಹುಡುಕಿ ಏನೂ ಇಲ್ಲ ಎನ್ನುತ್ತದೆ. ಸ್ನ್ಯಾಪ್‌ಶಾಟುಗಳಲ್ಲೇ ಹುಡುಕು ಎಂದು ಆಗ ಬಿಡಿಸಿ ಹೇಳಬೇಕು.

ಡೆಬಿಯನ್‌ನಲ್ಲಾದರೆ ತೆಗೆದುಹಾಕಲಾಗುವ ಪ್ಯಾಕೇಜುಗಳ ಪಟ್ಟಿಯನ್ನು ಪ್ರತಿ ಸಲವೂ ಕೊನೆಯವರೆಗೆ ಓದಿ, ಉದ್ದವಾಗಿದ್ದರೆ ಬೇಡ ಎನ್ನಿ. ಸ್ಥಿರ ಆವೃತ್ತಿ, ಸಿಡ್ ಮತ್ತು ಹೊರಗಿನವರ ಸಂಗ್ರಹ ಮೂರನ್ನೂ ಬೆರೆಸಿದ ಸಿಸ್ಟಮ್‌ಗೆ ಡೆಬಿಯನ್ ವಲಯದಲ್ಲಿ ‘ಫ್ರಾಂಕೆನ್‌ಡೆಬಿಯನ್’ ಎಂಬ ಹೆಸರೇ ಇದೆ, ಅದರ ರೋಗಕ್ಕೆ ಮದ್ದು ಹೇಳಬಲ್ಲವರು ಕಡಿಮೆ. ಅಪ್‌ಗ್ರೇಡ್‌ಗೆ ಮೊದಲು ಫೈಲ್‌ಸಿಸ್ಟಮ್‌ನ ಸ್ನ್ಯಾಪ್‌ಶಾಟ್ (ಇಲ್ಲಿ ಡಿಸ್ಕಿನ ಆ ಕ್ಷಣದ ಸ್ಥಿತಿ ಎಂದರ್ಥ) ಹಿಡಿದಿಡಿ. ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್‌ನ ಬೂಟ್ ಎನ್ವಿರಾನ್‌ಮೆಂಟ್ (ಬೂಟ್ ಮಾಡಬಹುದಾದ ಸ್ನ್ಯಾಪ್‌ಶಾಟ್) ಇರಲಿ, ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಇರಲಿ, ಹಿಂದಿನ ದಿನಕ್ಕೆ ಮರಳಲು ಕೆಲವೇ ನಿಮಿಷ ಸಾಕು. ಫ್ಲ್ಯಾಟ್‌ಪ್ಯಾಕ್ ಮತ್ತು ಕಂಟೇನರ್‌ಗಳು ಪ್ರೋಗ್ರಾಮಿನ ಜೊತೆಗೇ ಅದರ ಲೈಬ್ರರಿಗಳನ್ನು ಕಟ್ಟಿಕೊಡುವುದರಿಂದ ಈ ತಂಟೆ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಆ ಲೈಬ್ರರಿಗಳ ಭದ್ರತಾ ದೋಷವನ್ನು ಯಾರು ತಿದ್ದುತ್ತಾರೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಸ್ವತಃ ಕಂಪೈಲ್ ಮಾಡಿಕೊಂಡ ಪ್ರೋಗ್ರಾಂಗಳ ಬಗ್ಗೆ ಪ್ಯಾಕೇಜ್ ಸಾಧನಕ್ಕೆ ಗೊತ್ತೇ ಇರುವುದಿಲ್ಲ, ಅವುಗಳ ಪಟ್ಟಿಯನ್ನು ನೀವೇ ಇಟ್ಟುಕೊಳ್ಳಬೇಕು. ಪೈಥಾನ್‌ನ ಆವೃತ್ತಿ ಏರಿದಾಗ ಹಳೆಯ ಡೈರೆಕ್ಟರಿಯಲ್ಲಿ ಅನಾಥವಾಗಿ ಉಳಿಯುವ ಮಾಡ್ಯೂಲ್‌ಗಳೂ ಇದೇ ಗುಂಪಿಗೆ ಸೇರುತ್ತವೆ.

ನನ್ನ ಚಿತ್ರಪಟ್ಟಿಯ ಪ್ರೋಗ್ರಾಂ ಹೊಸ ಲೈಬ್ರರಿಗೆ ಒಗ್ಗುವಂತೆ ಮರುಕಟ್ಟಾಗಿ ಒಂಬತ್ತನೆಯ ದಿನ ಬಂದಿತ್ತು. ಅಷ್ಟು ದಿನ ಕಾದಿದ್ದರೆ ಸಾಕಿತ್ತು. ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿ ಓಡುತ್ತಿದ್ದುದರಿಂದ ನಾನು ಹೊಸದನ್ನು ಹುಡುಕಲೇ ಇಲ್ಲ. ತಪ್ಪು ತಿಳಿದ ಮೇಲೆ ಪೂರ್ತಿ ಅಪ್‌ಗ್ರೇಡ್ ಮಾಡಿದೆ, ಮೂರು ವಾರಗಳ ಚಿತ್ರಗಳನ್ನು ಪಟ್ಟಿಯಿಂದ ತೆಗೆದು ಮತ್ತೆ ಸೇರಿಸಿದೆ. ಆಮೇಲೂ ಆ ಸಿಮ್‌ಲಿಂಕ್ ಡೈರೆಕ್ಟರಿಯಲ್ಲಿ ಕುಳಿತೇ ಇತ್ತು. ಯಾವ ಪ್ಯಾಕೇಜಿಗೂ ಸೇರದ ಕಡತವಾದ್ದರಿಂದ ಯಾವ ಅಪ್‌ಗ್ರೇಡೂ ಅದನ್ನು ತೆಗೆಯುವುದಿಲ್ಲ. 15 ಬೇಕೆಂದು ಕೇಳುವ ಮುಂದಿನ ಪ್ರೋಗ್ರಾಮಿಗೂ ಅದು 16ನ್ನೇ ಕೊಡುತ್ತಿತ್ತು. ಅದನ್ನು ಅಳಿಸಿದೆ. ನಂತರ ಆ ಡೈರೆಕ್ಟರಿಯಲ್ಲಿ ಯಾವ ಪ್ಯಾಕೇಜಿಗೂ ಸೇರದ ಬೇರೆ ಕಡತಗಳಿವೆಯೇ ಎಂದು ಹುಡುಕಿದಾಗ, ಎರಡು ವರ್ಷ ಹಿಂದೆ ಹಾಕಿ ಮರೆತಿದ್ದ ಇನ್ನೊಂದು ಸಿಮ್‌ಲಿಂಕ್ ಸಿಕ್ಕಿತು.